ದಂಡಿನ ಕಲ್ಲು ಸ್ಟಾಪು

ನವೆಂಬರ್ 25, 2024, ಸೋಮವಾರ
ಹೊರಟದ್ದು 7.10. ಮೀಟರ್ 84,312.

ಹತ್ತು ನಿಮಿಷ ಲೇಟು. ನಿವೃತ್ತಿಯಾಗಿ ಆರು ತಿಂಗಳಾದರೂ ಲೇಟಾದರೆ ಮತ್ತೆ ಮತ್ತೆ ವಾಚು ನೋಡುವುದು ನಿಂತಿಲ್ಲ. ಕೇಳುವ ಕಂಟ್ರೋಲರ್ ಇಲ್ಲ, ಸಹಿ ಹಾಕಬೇಕಾದ ಲಾಗ್ ಶೀಟ್ ಇಲ್ಲ. ಆದರೂ ಕೈ ಸುಮ್ಮನಿರದೆ ಈ ಹಳೇ ಡೈರಿ ತೆಗೆದು ಸಮಯ, ಮೀಟರ್ ಬರೆದೆ. ಬರೆದ ಮೇಲೆ ಉಳಿದ ಹಾಳೆ ಖಾಲಿ ಬಿಡುವುದೇಕೆಂದು ಇದನ್ನೂ ಬರೆಯುತ್ತಿದ್ದೇನೆ. ಓದುವವರು ಯಾರೂ ಇಲ್ಲ. ನನ್ನ ಹೆಂಡತಿ ಲತಾಮಣಿಗೆ ನನ್ನ ಅಕ್ಷರ ಕಂಡರೇ ತಲೆನೋವು.

ಗಾಡಿ ಅಳಿಯ ಲೋಕೇಶನ ಓಮ್ನಿ. ಮುಂದೆ ಮೂತಿಯೇ ಇಲ್ಲದ ಗಾಡಿ, ಬಸ್ಸಿನ ಹಾಗೆ ನೇರ ರಸ್ತೆಯ ಮೇಲೆಯೇ ಕೂತಂತಿರುತ್ತದೆ. ಅದೊಂದೇ ಸಮಾಧಾನ. ಮಿಕ್ಕಂತೆ ಸೊಂಟ ಹಿಡಿದುಕೊಂಡಿದೆ.

ಚನ್ನಪಟ್ಟಣದಲ್ಲಿ ಹಬೀಬನನ್ನು ಹತ್ತಿಸಿಕೊಂಡೆ. ರಾಮನಗರ–ಮಾಗಡಿ ರೂಟಿನಲ್ಲಿ ಇಪ್ಪತ್ತೆರಡು ವರ್ಷ ನಾನು ಡ್ರೈವರು, ಅವನು ಕಂಡಕ್ಟರು. ಇಬ್ಬರೂ ಒಂದೇ ತಿಂಗಳು ರಿಟೈರಾದೆವು. ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡವನೇ ಹೊರಗೆ ಕೈಹಾಕಿ ತಗಡಿಗೆ ಎರಡು ಸಲ ತಟ್ಟಿ "ರೈಟ್ ರೈಟ್" ಅಂದ. ಆಗಲೇ ನನ್ನ ಕಾಲು ಕ್ಲಚ್ ಬಿಟ್ಟಿದ್ದು. ಗೇಟಿನಲ್ಲಿ ನಿಂತಿದ್ದ ಅವನ ಹೆಂಡತಿ ಮುನ್ನೀ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗಲಿ. ಅವನು ರೈಟ್ ಅನ್ನದೆ ನನಗೆ ಗಾಡಿ ಎತ್ತುವುದಕ್ಕೇ ಬರುವುದಿಲ್ಲ.

ಈ ತಿರುಗಾಟಕ್ಕೆ ಕಾರಣ ಬರುವ ಭಾನುವಾರದ ಕಾರ್ಯಕ್ರಮ. ನಮ್ಮ ರೂಟಿನಲ್ಲಿ, ಮಾಗಡಿಗೆ ಒಂಬತ್ತು ಕಿಲೋಮೀಟರ್ ಮುಂಚೆ, ಹುಣಸೆಮರದ ತಿರುವಿನಲ್ಲಿ ದಂಡಿನ ಕಲ್ಲು ಅಂತ ಒಂದಿದೆ. ಮೊಣಕಾಲೆತ್ತರದ ಕಲ್ಲು, ಅರಿಶಿನ ಕುಂಕುಮ ಮೆತ್ತಿ ಬಣ್ಣವೇ ಕಾಣುವುದಿಲ್ಲ. ಹಿಂದೆ ಸಾವನದುರ್ಗದ ಯುದ್ಧದಲ್ಲಿ ಸಿಪಾಯಿಗಳು ಸತ್ತು ಬಿದ್ದ ಜಾಗ ಅದು ಎಂದು ಜನರ ನಂಬಿಕೆ. ಅಲ್ಲಿ ಯಾವ ಬಸ್ಸೂ ನಿಲ್ಲದೆ ಹೋಗುವುದಿಲ್ಲ. ಹತ್ತುವವರಿಲ್ಲದಿದ್ದರೂ ಒಂದು ಗಳಿಗೆ ನಿಲ್ಲುತ್ತದೆ, ಯಾರಾದರೂ ಕಿಟಕಿಯಿಂದ ಕೈ ಮುಗಿಯುತ್ತಾರೆ, ಆಮೇಲೆ ರೈಟ್. ಈಗ ಪಂಚಾಯ್ತಿ ಮೆಂಬರ್ ಜಯಕುಮಾರ್ ಅಲ್ಲಿಗೆ "ಐತಿಹಾಸಿಕ ಯುದ್ಧಭೂಮಿ" ಅಂತ ದೊಡ್ಡ ಬೋರ್ಡು ಹಾಕಿಸುತ್ತಿದ್ದಾನೆ. ಕಲ್ಲಿನ ಚರಿತ್ರೆ ಹೇಳಲು ಹಬೀಬನನ್ನೇ ಕರೆದಿದ್ದಾನೆ, ಏಕೆಂದರೆ ಆ ಕಥೆಯನ್ನು ಬಸ್ಸಿನಲ್ಲಿ ಮೊದಲು ಹೇಳಿದವನು ಅವನೇ.

ಮೈಕ್ ಹಿಡಿಯುವ ಮೊದಲು ನಿಜವಾದ ಯುದ್ಧದ ಜಾಗಗಳು ಹೇಗಿರುತ್ತವೆಂದು ಒಮ್ಮೆ ಕಣ್ಣಾರೆ ನೋಡಬೇಕೆಂದು ಹಬೀಬನ ಹಟ. ಶಾಲೆಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿಕೊಂಡು ಬಂದಿದ್ದಾನೆ. ಮೊದಲು ಅವನ ಊರೇ. ಹೈದರಾಲಿ ಮರಾಠರನ್ನು ಎದುರಿಸಿದ್ದು ಇಲ್ಲಿ ಅಂತೆ. ಕೋಟೆಯಿದ್ದ ಕಡೆ ಒಂದು ಗೋಡೆ, ಗೋಡೆಯ ಮೇಲೆ ಒಣಗಲು ಹಾಕಿದ ಬಟ್ಟೆ, ಕೆಳಗೆ ಬೊಂಬೆ ಮಾಡುವವರು ಎಸೆದ ಮರದ ಹೊಟ್ಟು. ಅರ್ಧ ಗಂಟೆ ನಿಂತೆವು. ನೋಡುವುದಕ್ಕೇನಿರಲಿಲ್ಲ.

ನವೆಂಬರ್ 26, ಮಂಗಳವಾರ
ಹೊರಟದ್ದು 7.00. ಮೀಟರ್ 84,341.

ರಾಮದೇವರ ಬೆಟ್ಟ. ಇದನ್ನು ಇಂಗ್ಲಿಷರು ಹಿಡಿದಿದ್ದರು ಅಂತ ಹಬೀಬನ ನೋಟ್‌ಬುಕ್ಕು. ಅವನು ಮೆಟ್ಟಿಲು ಹತ್ತಿ ಹೋದ. ನಾನು ಕೆಳಗೆ ಗಾಡಿಯಲ್ಲೇ ಕೂತೆ. ಮಂಡಿ ನೋವು ಅಂದೆ. ಮಂಡಿ ನೋಯುತ್ತಿತ್ತು, ಸುಳ್ಳಲ್ಲ. ಆದರೆ ಅವನ ಜೊತೆ ಸುಮ್ಮನೆ ನಡೆಯುವುದೂ ಈಗ ಕಷ್ಟವಾಗಿದೆ.

ಬರೆದೇ ಬಿಡುತ್ತೇನೆ. ಇಷ್ಟು ವರ್ಷ ಎಲ್ಲಿಯೂ ಬರೆದಿಲ್ಲ, ಯಾರಿಗೂ ಹೇಳಿಲ್ಲ.

ದಂಡಿನ ಕಲ್ಲಿಗೂ ದಂಡಿಗೂ ಸಂಬಂಧವೇ ಇಲ್ಲ. ಆ ಕಲ್ಲು ಇಟ್ಟವನು ಹಬೀಬ. ಆ ಕಥೆ ಕಟ್ಟಿದವನೂ ಹಬೀಬ.

2003ರ ಡಿಸೆಂಬರ್. ಮಧ್ಯಾಹ್ನ ಮೂರೂಕಾಲಿನ ಟ್ರಿಪ್ಪು. ಟೈರು ಪಂಕ್ಚರಾಗಿ ಇಪ್ಪತ್ತೈದು ನಿಮಿಷ ಲೇಟಾಗಿ ಹೊರಟಿದ್ದೆವು. ಬಸ್ಸು ತುಂಬಿ ಫುಟ್‌ಬೋರ್ಡಿನಲ್ಲಿ ಜನ ನೇತಾಡುತ್ತಿದ್ದರು. ಹುಣಸೆಮರದ ತಿರುವಿನಲ್ಲಿ ಒಬ್ಬ ಹೆಂಗಸು ರಸ್ತೆಗೇ ಬಂದು ಕೈ ಅಡ್ಡ ಹಾಕಿದಳು. ಆಗ ಅಲ್ಲಿ ಸ್ಟಾಪಿರಲಿಲ್ಲ. ಹಬೀಬ ಹಿಂದಿನಿಂದ ಒಂದು ವಿಷಲ್ ಊದಿದ. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ನನಗೆ ಒಂದು ವಿಷಲ್ ಸ್ಪಷ್ಟವಾಗಿ ಕೇಳಿಸಿತು. ಬ್ರೇಕಿನ ಮೇಲೆ ಕಾಲೂ ಹೋಯಿತು. ಆದರೆ ಲೇಟಾಗಿದೆ, ಇನ್ನೊಬ್ಬರಿಗೆ ಎಲ್ಲಿ ಜಾಗ, ಹಿಂದೆ ಇನ್ನೊಂದು ಬಸ್ಸು ಬರುತ್ತದೆ ಎಂದುಕೊಂಡು ಕಾಲು ತೆಗೆದೆ. ಕನ್ನಡಿಯಲ್ಲಿ ಮರದ ಬುಡಕ್ಕೆ ಒಬ್ಬ ಗಂಡಸು ಒರಗಿ ಬಿದ್ದಿರುವುದು ಕಂಡಿತು. ಕುಡಿದಿರಬೇಕು ಅಂದುಕೊಂಡೆ.

ಅವನಿಗೆ ಹಾವು ಕಚ್ಚಿತ್ತು. ಹೆಸರು ಕೆಂಚೇಗೌಡ. ಮಾಗಡಿ ಆಸ್ಪತ್ರೆಗೆ ಹೋಗಲು ನಿಂತಿದ್ದರು. ಹಿಂದಿನ ಬಸ್ಸು ಬರುವ ಹೊತ್ತಿಗೆ ಗಂಟೆ ಮೇಲಾಗಿತ್ತು, ಅವನು ಅಲ್ಲೇ ಹೋಗಿಬಿಟ್ಟಿದ್ದ. ಇದೆಲ್ಲ ನಮಗೆ ತಿಳಿದದ್ದು ಮಾರನೇ ದಿನ, ಪ್ಯಾಸೆಂಜರುಗಳು ಮಾತಾಡಿಕೊಂಡಾಗ. ಯಾರೂ ನಮ್ಮ ಮೇಲೆ ದೂರು ಕೊಡಲಿಲ್ಲ. ಸ್ಟಾಪಿಲ್ಲದ ಕಡೆ ಬಸ್ಸು ನಿಲ್ಲಲಿಲ್ಲ, ಅಷ್ಟೇ.

ಮಾಗಡಿ ಸ್ಟ್ಯಾಂಡಿನ ನಲ್ಲಿಯ ಹತ್ತಿರ ಹಬೀಬ ನನ್ನ ತೋಳು ಹಿಡಿದುಕೊಂಡ.

"ಲೇ ಬೋರ, ನೆನ್ನೆ ಅಲ್ಲಿ ನಾನು ಒಂದ್ ಊದಿದ್ನಾ, ಎರಡ್ ಊದಿದ್ನಾ? ಆ ಗಲಾಟೇಲಿ ನಂಗೆ ಗ್ಯಾನವೇ ಇಲ್ಲ ಕಣ್ಲಾ."

ನಾನು "ಎರಡು" ಅಂದೆ.

ಬಾಯಿಂದ ಬಂದುಬಿಟ್ಟಿತು. ಹೆದರಿದ್ದೆ. ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳಲು ಇಪ್ಪತ್ತೊಂದು ವರ್ಷ ಟೈಮಿತ್ತು, ತೆಗೆದುಕೊಳ್ಳಲಿಲ್ಲ. ಹಬೀಬ ನಂಬಿದ. ತಾನು ರೈಟ್ ಕೊಟ್ಟದ್ದರಿಂದಲೇ ಒಬ್ಬ ಸತ್ತ ಅಂತ ನಂಬಿದ. ಒಂದು ವಾರದಲ್ಲಿ ಹೊಲದ ಬದುವಿನಿಂದ ಆ ಕಲ್ಲು ಹೊತ್ತು ತಂದು ಮರದಡಿ ನೆಟ್ಟ. ಅವತ್ತಿನಿಂದ ಅಲ್ಲಿ ಬಸ್ಸು ನಿಲ್ಲಿಸದೆ ನನ್ನನ್ನು ಮುಂದೆ ಬಿಡಲಿಲ್ಲ. ಜನ ಯಾಕೆ ನಿಲ್ಲಿಸುತ್ತೀರಿ ಎಂದು ಕೇಳಿದಾಗ ಏನು ಹೇಳುತ್ತಾನೆ? ಸಾವನದುರ್ಗದ ಯುದ್ಧದಲ್ಲಿ ಸಿಪಾಯಿಗಳು ಬಿದ್ದ ಜಾಗ, ಒಂದು ಗಳಿಗೆ ನಿಂತು ಹೋಗಬೇಕು ಅಂದ. ಜನ ನಂಬಿದರು. ಬೇರೆ ಬಸ್ಸಿನವರೂ ನಿಲ್ಲಿಸಿದರು. ಈಗ ಬೋರ್ಡು.

ಹಬೀಬ ಬೆಟ್ಟದಿಂದ ಇಳಿದು ಬಂದು, ಮೇಲೆ ಗಾಳಿ ಚೆನ್ನಾಗಿತ್ತು, ನೀನೂ ಬರಬೇಕಿತ್ತು ಅಂದ.

ನವೆಂಬರ್ 27, ಬುಧವಾರ
ಹೊರಟದ್ದು 6.45. ಮೀಟರ್ 84,372.

ಕನಕಪುರ. ಯುದ್ಧದ ಕಾಲದಲ್ಲಿ ಶತ್ರುವಿಗೆ ದಕ್ಕಬಾರದೆಂದು ಈ ಊರನ್ನು ಇಲ್ಲಿಯ ಸೈನ್ಯವೇ ಹಾಳುಗೆಡವಿತಂತೆ. ಹಬೀಬ ನೋಟ್‌ಬುಕ್ಕಿನಿಂದ ಗಟ್ಟಿಯಾಗಿ ಓದಿ, ಊರಿನವರಿಗೆ ಯಾರು ಹಾಳು ಮಾಡಿದರೆಂದು ಗೊತ್ತಾಗಿತ್ತೋ ಇಲ್ಲವೋ ಅಂದ. ನಾನು ಹಾರ್ನ್ ಹೊಡೆದೆ. ಎದುರಿಗೆ ಏನೂ ಇರಲಿಲ್ಲ.

ಅಲ್ಲಿಂದ ಕಬ್ಬಾಳು. ದುರ್ಗವನ್ನು ಕೆಳಗಿನಿಂದಲೇ ನೋಡಿದೆವು. ಕಬ್ಬಾಳಮ್ಮನ ಗುಡಿಯಲ್ಲಿ ಜನವೋ ಜನ, ಕೋಟೆಯ ಕಡೆ ಒಂದು ನರಪಿಳ್ಳೆಯೂ ಇಲ್ಲ. ರಾತ್ರಿಗೆ ದೊಡ್ಡಆಲಹಳ್ಳಿಯಲ್ಲಿ ತಂಗಿ ಧನಲಕ್ಷ್ಮಿಯ ಮನೆ. ಸುಸ್ತು.

ನವೆಂಬರ್ 28, ಗುರುವಾರ
ದೊಡ್ಡಆಲಹಳ್ಳಿಯಲ್ಲೇ. ಗಾಡಿ ತೆಗೆಯಲಿಲ್ಲ. ಮೀಟರ್ 84,441.

ಧನಲಕ್ಷ್ಮಿ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ರೇಷ್ಮೆ ಹುಳುಮನೆಯಲ್ಲಿ ಹಾಕುತ್ತಿದ್ದಳು. ಹಬೀಬ ತಾನೂ ತಟ್ಟೆಗಳಿಗೆ ಸೊಪ್ಪು ಹರಡಲು ಕೂತ. ಹುಳು ಸೊಪ್ಪು ತಿನ್ನುವ ಶಬ್ದ ಮಳೆ ಹನಿದ ಹಾಗೆ ಕೇಳುತ್ತಿತ್ತು. ಅವಳು ನನ್ನನ್ನು ನೋಡಿ, ಏನಣ್ಣ ಮುಖ ಇಷ್ಟು ಬಾಡಿಹೋಗಿದೆ, ಬಿಪಿ ತೋರಿಸಿದೆಯಾ ಅಂದಳು. ಗಾಡಿಯ ಸೀಟು ಸರಿಯಿಲ್ಲ ಅಂದೆ.

ಸೊಪ್ಪು ಹಾಕಿ ಮುಗಿದ ಮೇಲೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಹಬೀಬ ಮಾತು ತೆಗೆದ. ನಾನು ಹೆದರುತ್ತಿದ್ದದ್ದೂ ಅದನ್ನೇ.

"ಭಾನುವಾರ ಮೈಕ್ ಕೊಟ್ರೆ ನಿಜ ಯೋಳ್ಬುಡ್ತೀನಿ ಕಣ್ಲಾ. ಇಲ್ಲಿ ಯುದ್ಧ ಆಗ್ನಿಲ್ಲ, ಒಬ್ಬ ಮನುಷ್ಯ ಸತ್ತ, ನಾನು ರೈಟ್ ಕೊಟ್ಟಿದ್ದಕ್ಕೆ ಸತ್ತ ಅಂತ. ಆ ಕಾವೇರಮ್ಮನ ಮುಂದೇನೇ ಯೋಳ್ತೀನಿ."

ಕಾವೇರಮ್ಮ ಅಂದರೆ ಕೆಂಚೇಗೌಡನ ಹೆಂಡತಿ, ಅವತ್ತು ಕೈ ಅಡ್ಡ ಹಾಕಿದವಳು. ಬಸ್ಸುಗಳು ನಿಲ್ಲಲು ಶುರುವಾದ ಮೇಲೆ ಆ ಕಲ್ಲಿನ ಪಕ್ಕದಲ್ಲೇ ಗೋಣಿಚೀಲ ಹಾಸಿ ಸೌತೆಕಾಯಿ, ಸೀಬೆಹಣ್ಣು, ಹೂವು ಮಾರುತ್ತಾಳೆ. ಹಬೀಬ ದಿನಾ ಅವಳ ಹತ್ತಿರ ಸೌತೆಕಾಯಿ ಕೊಂಡು ನನಗೂ ಅರ್ಧ ಕೊಡುತ್ತಿದ್ದ. ನಾನು ತಿನ್ನುತ್ತಿದ್ದೆ. ಇಪ್ಪತ್ತೊಂದು ವರ್ಷದಲ್ಲಿ ನಾನು ಆ ಹೆಂಗಸಿನ ಮುಖವನ್ನು ನೇರವಾಗಿ ನೋಡಿದ್ದು ಮೂರು ಸಲವೂ ಇರಲಾರದು.

ಜನರ ಮುಂದೆ ಯಾಕೆ ಮರ್ಯಾದೆ ಕಳೆದುಕೊಳ್ಳುತ್ತೀಯ, ಮಗಳು ಅಸ್ರಾಳ ಮದುವೆಯ ಮಾತು ನಡೀತಿದೆ, ಸುಮ್ಮನಿರು ಎಂದು ಹೇಳಿ ನೋಡಿದೆ. ಅವನು ತಲೆಯಾಡಿಸಿದ. ಪ್ರತಿ ಶುಕ್ರವಾರ ನಮಾಜಿನಲ್ಲಿ ಆ ಮನುಷ್ಯನ ಹೆಸರು ಹೇಳಿ ಕ್ಷಮೆ ಕೇಳುತ್ತೇನೆ, ಒಂದು ಶುಕ್ರವಾರವೂ ಬಿಟ್ಟಿಲ್ಲ, ಆದರೆ ಕೇಳಬೇಕಾದವಳ ಹತ್ತಿರ ಕೇಳಿಲ್ಲ ಅಂದ.

ಆಗಲೇ ಹೇಳಬೇಕಿತ್ತು. ಲೋಟದ ತಳದಲ್ಲಿ ಉಳಿದಿದ್ದ ಕಾಫಿ ನೋಡುತ್ತಾ ಕೂತೆ. ನಾನು ಎಂಥ ಮನುಷ್ಯ ಎಂದು ನನಗೇ ಅಸಹ್ಯವಾಯಿತು.

ನವೆಂಬರ್ 29, ಶುಕ್ರವಾರ
ಹೊರಟದ್ದು 8.20. ಮೀಟರ್ 84,441.

ಹಬೀಬ ಕನಕಪುರದ ಮಸೀದಿಯಲ್ಲಿ ನಮಾಜಿಗೆ ಇಳಿದ. ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿಯಲ್ಲಿ ಕಾದೆ. ಒಳಗೆ ಅವನು ಯಾರ ಹೆಸರು ಹೇಳುತ್ತಿರುತ್ತಾನೆಂದು ಗೊತ್ತಿತ್ತು. ಬಂದು ಕೂತು ರೈಟ್ ಅಂದ. ಹೊರಟೆ. ಇವತ್ತೂ ಹೇಳಲಿಲ್ಲ.

ನವೆಂಬರ್ 30, ಶನಿವಾರ
ಹೊರಟದ್ದು 7.30. ಮೀಟರ್ 84,509.

ಸಾವನದುರ್ಗ. ಇಪ್ಪತ್ತೆರಡು ವರ್ಷ ಈ ಬೆಟ್ಟ ನನ್ನ ಕಿಟಕಿಯಲ್ಲಿತ್ತು. ಅಲ್ಲಿಗೆ ಹೋಗುವವರನ್ನು ದಿನಾ ಇಳಿಸಿದ್ದೇವೆ, ನಾವೇ ಒಮ್ಮೆಯೂ ಇಳಿದಿರಲಿಲ್ಲ.

ವೀರಭದ್ರಸ್ವಾಮಿಯ ಗುಡಿಯ ಹತ್ತಿರ ಗಾಡಿ ಬಿಟ್ಟು ಬಂಡೆಯ ಮೇಲೆ ಒಂದಿಷ್ಟು ದೂರ ಹತ್ತಿದೆವು. ಮಂಡಿ ಅಲ್ಲಿಗೇ ಸಾಕು ಅಂದಿತು. ಬೆಂಗಳೂರಿನ ಹುಡುಗ ಹುಡುಗಿಯರು ಶೂ ಹಾಕಿಕೊಂಡು ಕೋತಿಗಳ ಹಾಗೆ ಹತ್ತಿ ಹೋಗುತ್ತಿದ್ದರು. ಅಲ್ಲಲ್ಲಿ ಕೋಟೆಯ ಗೋಡೆ ಬಂಡೆಗೇ ಅಂಟಿಕೊಂಡಿದೆ. 1791ರ ಡಿಸೆಂಬರಿನಲ್ಲಿ ಇಂಗ್ಲಿಷರು ಇದನ್ನು ಹಿಡಿದರು, ಟಿಪ್ಪುವಿನ ಕಡೆಯವರು ಇಲ್ಲೇ ಸತ್ತರು ಅಂತ ಹಬೀಬ ಓದಿದ. ಓದಿ ನೋಟ್‌ಬುಕ್ಕು ಮುಚ್ಚಿ ಸುತ್ತಲೂ ನೋಡಿದ. ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿ, ಎಲ್ಲೋ ಮೇಯುತ್ತಿದ್ದ ಮೇಕೆಗಳ ಗಂಟೆ.

"ನೋಡ್ಲಾ, ನಿಜವಾಗ್ಲೂ ಜನ ಸತ್ತ ಜಾಗ ಇದು. ಒಂದು ಹೂವ ಇಡೋರಿಲ್ಲ. ನಮ್ಮ ಸುಳ್ಳಿಗೆ ದಿನಾ ತೆಂಗಿನಕಾಯಿ ಒಡೀತಾವ್ರೆ."

ನಮ್ಮ ಸುಳ್ಳು ಅಂದ. ಆ ಮಾತಿಗೆ ನನಗೆ ತಡೆದುಕೊಳ್ಳಲಾಗಲಿಲ್ಲ.

"ಹಬೀಬ, ನೀನು ಅವತ್ತು ಒಂದೇ ಊದಿದ್ದು."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಏನು ಅಂದ. ನಾನು ನೆಲ ನೋಡಿಕೊಂಡು ಎಲ್ಲ ಹೇಳಿದೆ. ಒಂದೇ ವಿಷಲ್ ಕೇಳಿಸಿತ್ತು, ಬ್ರೇಕಿಗೆ ಕಾಲು ಹೋಗಿತ್ತು, ತೆಗೆದದ್ದು ನಾನು, ಮಾರನೇ ದಿನ ನಲ್ಲಿಯ ಹತ್ತಿರ ನಿನಗೆ ಸುಳ್ಳು ಹೇಳಿದೆ. ಮುಗಿಸುವುದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಇಷ್ಟೇ ಹೊತ್ತಿನ ಕೆಲಸವಾಗಿತ್ತು.

ಹಬೀಬ ಬಂಡೆಯ ಮೇಲೆ ಕೂತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಒಂದೇನಾ?" ಅಂದ. ಒಂದೇ ಅಂದೆ. ಮತ್ತೆ ಅದನ್ನೇ ಕೇಳಿದ. ಮತ್ತೆ ಅದನ್ನೇ ಹೇಳಿದೆ. ಅವನು ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಆ ಕಲ್ಲು ಹೊತ್ಕಂಬಂದಾಗ ನೀನು ಒಂದ್ ಕೈ ಹಾಕಿದ್ದೆ ಕಣ್ಲಾ," ಅಂದ. "ಭಾರ ಐತೆ, ನಾನೂ ಹಿಡ್ಕತೀನಿ ಅಂದಿದ್ದೆ."

ಅದು ನನಗೆ ಮರೆತೇ ಹೋಗಿತ್ತು.

ಇಳಿದು ಬಂದೆವು. ನಾನು ಗಾಡಿ ಸ್ಟಾರ್ಟ್ ಮಾಡಿ ಕೂತೆ. ಹಬೀಬ ಹತ್ತಲಿಲ್ಲ. ಬಾಗಿಲು ತೆರೆದು ಸೀಟಿನ ಮೇಲಿದ್ದ ತನ್ನ ಚೀಲ ತೆಗೆದುಕೊಂಡು, ಮೆಲ್ಲನೆ ಬಾಗಿಲು ಹಾಕಿ, ಮಾಗಡಿ ಕಡೆಗೆ ಹೊರಟು ನಿಂತಿದ್ದ ಬಸ್ಸಿನ ಹತ್ತಿರ ನಡೆದ. ಪ್ಯಾಸೆಂಜರ್ ಬಾಗಿಲಲ್ಲಿ ಹತ್ತಿ ಕಿಟಕಿ ಪಕ್ಕ ಕೂತ. ಕಂಡಕ್ಟರ್ ಹುಡುಗಿ ಅವನಿಗೆ ಟಿಕೆಟ್ ಹರಿದು ಕೊಟ್ಟಳು.

ನಾನು ಇಂಜಿನ್ ಆನ್ ಮಾಡಿಕೊಂಡು ಎಷ್ಟೋ ಹೊತ್ತು ಅಲ್ಲೇ ಇದ್ದೆ. ರೈಟ್ ಅನ್ನುವವರಿಲ್ಲ. ಕಡೆಗೆ ಒಬ್ಬ ಜೀಪಿನವನು ಬಂದು, ಯಜಮಾನ್ರೇ, ಒಸಿ ಮುಂದಕ್ಕೆ ತಗೊಳ್ಳಿ ಅಂದ.

ಮನೆಗೆ ಬಂದು ಲತಾಮಣಿಗೂ ಹೇಳಿದೆ. ಅವಳು ಹೆಸರುಕಾಳು ಆರಿಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಮೂವತ್ತನಾಲ್ಕು ವರ್ಷ ಜೊತೆಗಿದ್ದವಳು, ಯಾರನ್ನೋ ಹೊಸಬನನ್ನು ನೋಡಿದ ಹಾಗೆ. ಆಮೇಲೆ ಊಟ ಬಡಿಸಿದಳು.

ಡಿಸೆಂಬರ್ 1, ಭಾನುವಾರ

ಒಬ್ಬನೇ ಹೊರಟೆ. ಒಂಬತ್ತೋ ಒಂಬತ್ತೂವರೆಯೋ ಇರಬೇಕು. ಲತಾಮಣಿ ಬಾಗಿಲಿಗೆ ಬಂದು, ಹೋಗಿ ಆ ಹೆಂಗಸಿನ ಮುಂದೆ ಬಾಯಿಬಿಟ್ಟು ಹೇಳಿ ಬನ್ನಿ, ಹೇಳದೆ ಬಂದರೆ ನನಗೆ ಮುಖ ತೋರಿಸಬೇಡಿ ಅಂದಿದ್ದಳು.

ದಂಡಿನ ಕಲ್ಲಿನ ಹತ್ತಿರ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಬಾಳೆಕಂಬ. ಹೊಸ ಬೋರ್ಡಿಗೆ ಬಟ್ಟೆ ಮುಚ್ಚಿದ್ದರು. ರಸ್ತೆಯ ಅರ್ಧಕ್ಕೆ ಬೈಕುಗಳು. ಗಾಡಿಯನ್ನು ಮರದಿಂದಾಚೆ ಮುಂದಕ್ಕೆ ನಿಲ್ಲಿಸಿ ನಡೆದು ಬಂದೆ. ಹಬೀಬ ವೇದಿಕೆಯ ಮೇಲೆ ಕೂತಿದ್ದ, ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು. ನನ್ನನ್ನು ನೋಡಿದ. ಮುಖದಲ್ಲಿ ಏನೂ ಇರಲಿಲ್ಲ.

ಕಾವೇರಮ್ಮನ ಗೋಣಿಚೀಲವಿದ್ದ ಕಡೆ ಸ್ಪೀಕರ್ ಇಟ್ಟಿದ್ದರು. ಅವಳೆಲ್ಲಿ ಎಂದು ಹುಡುಕಿದೆ. ಶಾಮಿಯಾನದ ಆಚೆ ರಸ್ತೆಯ ಪಕ್ಕದಲ್ಲಿ ನಿಂತಿದ್ದಳು, ಕೈಯಲ್ಲಿ ಊಟದ ಕ್ಯಾರಿಯರ್. ಪಕ್ಕದಲ್ಲಿದ್ದವರನ್ನು ಕೇಳಿದೆ. ಮಗಳು ನವ್ಯಶ್ರೀಗೆ ಮೊನ್ನೆ ಮಾಗಡಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆ, ಊಟ ತೆಗೆದುಕೊಂಡು ಹೊರಟಿದ್ದಾಳೆ ಅಂದರು. ಅವತ್ತು ಅಪ್ಪ ಹೋದಾಗ ಆ ನವ್ಯಶ್ರೀ ಇನ್ನೂ ಕಂಕುಳ ಕೂಸಾಗಿದ್ದಳಂತೆ.

ಅಷ್ಟರಲ್ಲಿ ಜಯಕುಮಾರ್ ಮೈಕಿನಲ್ಲಿ, ಈ ಮಣ್ಣಿನ ವೀರರ ಚರಿತ್ರೆಯನ್ನು ಇಪ್ಪತ್ತು ವರ್ಷ ಬಸ್ಸಿನಲ್ಲಿ ಸಾರಿದ ಹಬೀಬ್ ಸಾಹೇಬರು ಈಗ ಮಾತಾಡುತ್ತಾರೆ ಎಂದು ಕೂಗಿದ. ಹಬೀಬ ಎದ್ದು ಮೈಕಿನ ಮುಂದೆ ನಿಂತ. ನನ್ನ ಹೆಸರು ಹೇಳುತ್ತಾನೆ ಅಂದುಕೊಂಡೆ. ಹೇಳಲಿ ಅಂತಲೂ ಅನ್ನಿಸಿತು.

"ಇಲ್ಲಿ ಯುದ್ಧ ಆಗ್ನಿಲ್ಲ," ಅಂದ. "ಈ ಕಲ್ಲು ಇಟ್ಟಿದ್ದು ನಾನು. ಇಲ್ಲಿ ಸತ್ತಿದ್ದು ಒಬ್ಬನೇ ಮನುಷ್ಯ. ಅವನ ಹೆಸರು ಕೆಂಚೇಗೌಡ. ಇನ್ನೇನಾರ ಯೋಳ್ಬೇಕು ಅಂದ್ರೆ ಅದನ್ನ ಯೋಳ್ಬೇಕಾದೋರು ಬೇರೆಯೋರು ಅವ್ರೆ."

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಜಯಕುಮಾರ್ ಮೈಕ್ ತೆಗೆದುಕೊಂಡು, ಕೇಳಿದಿರಾ, ಸೇನೆಯೆಲ್ಲ ಓಡಿಹೋದಾಗ ಒಬ್ಬನೇ ನಿಂತು ಹೋರಾಡಿದ ವೀರ, ಅವನ ಹೆಸರು ಇವತ್ತು ನಮಗೆ ಸಿಕ್ಕಿತು, ವೀರ ಕೆಂಚೇಗೌಡನಿಗೆ ಜೈ ಅಂದ. ಜನರೆಲ್ಲ ಜೈ ಅಂದರು. ಬೋರ್ಡಿನಲ್ಲಿ ಆ ಹೆಸರನ್ನೂ ಬರೆಸಬೇಕೆಂದು ಯಾರೋ ಕೂಗಿದರು. ತಮಟೆ ಶುರುವಾಯಿತು. ಹಬೀಬ ಶಾಲು, ಹಾರ ತೆಗೆದು ಕುರ್ಚಿಯ ಮೇಲಿಟ್ಟು ವೇದಿಕೆಯಿಂದ ಇಳಿದ.

ಆಗಲೇ ರಾಮನಗರದ ಕಡೆಯಿಂದ ಬಸ್ಸು ಬಂತು. ಕಾವೇರಮ್ಮ ರಸ್ತೆಗೆ ಬಂದು ಕೈ ಅಡ್ಡ ಹಾಕಿದಳು. ಬೈಕುಗಳ ಸಾಲು, ಜನ, ತಮಟೆಯ ಗಲಾಟೆ. ಡ್ರೈವರಿಗೆ ನಿಲ್ಲಿಸಲು ಜಾಗವೇ ಸಿಗಲಿಲ್ಲ. ಹಾರ್ನ್ ಹೊಡೆಯುತ್ತಾ ನಿಧಾನವಾಗಿ ಅವಳನ್ನು ದಾಟಿ ಹೊರಟುಹೋಯಿತು. ಇಪ್ಪತ್ತೊಂದು ವರ್ಷದಲ್ಲಿ ದಂಡಿನ ಕಲ್ಲಿನಲ್ಲಿ ನಿಲ್ಲದೆ ಹೋದ ಮೊದಲನೇ ಬಸ್ಸು ಅದೇ ಇರಬೇಕು. ಅವಳ ಕೈ ಇನ್ನೂ ಎತ್ತಿದ ಹಾಗೇ ಇತ್ತು.

ನಾನು ಓಡಿದೆ. ಈ ಮಂಡಿ ಇಟ್ಟುಕೊಂಡು ಓಡುವುದಕ್ಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಗಾಡಿಯನ್ನು ರಿವರ್ಸಿನಲ್ಲಿ ತಂದು ಅವಳ ಮುಂದೆ ನಿಲ್ಲಿಸಿದೆ. ಹತ್ತಮ್ಮ, ಮಾಗಡಿಗೆ ಬಿಡುತ್ತೇನೆ ಅಂದೆ. ಅವಳು ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಹಿಂದಿನ ಬಾಗಿಲು ಸರಿದ ಸದ್ದಾಯಿತು. ತಿರುಗಿ ನೋಡಿದರೆ ಹಬೀಬ. ನನ್ನ ಕಡೆ ನೋಡದೆ ಕಿಟಕಿ ಪಕ್ಕ ಕೂತ.

ಇಂಜಿನ್ ಓಡುತ್ತಿತ್ತು. ಗಾಡಿ ಎತ್ತಿದರೆ ಮಾತಾಡುವುದಕ್ಕಾಗುವುದಿಲ್ಲ ಎಂದು ಗೊತ್ತಿತ್ತು. ಅಲ್ಲೇ ಹೇಳಿದೆ. ಅವಳ ಮುಖ ನೋಡಿಕೊಂಡು ಹೇಳಿದೆ. ಅವತ್ತು ಹಬೀಬ ನಿಲ್ಲಿಸು ಅಂತ ವಿಷಲ್ ಊದಿದ್ದ, ನಾನು ಕೇಳಿಸಿಕೊಂಡೂ ನಿಲ್ಲಿಸಲಿಲ್ಲ, ಅವನ ಮೇಲೆ ಹಾಕಿದೆ, ತಪ್ಪೆಲ್ಲ ನನ್ನದು, ನಿನ್ನ ಗಂಡ ಹೋದದ್ದು ನನ್ನಿಂದ.

ಅವಳು ಕ್ಯಾರಿಯರಿನ ಹಿಡಿಯನ್ನು ಒಂದು ಸಲ ಎತ್ತಿ, ಮತ್ತೆ ಮಲಗಿಸಿದಳು.

"ನಿಮ್ ಬಸ್ಸೇ ಅಂತ ನಂಗ್ ಗೊತ್ತು ಡ್ರೈವರಣ್ಣ," ಅಂದಳು. "ಅಲ್ಲೀಗಂಟ ಒಂದ್ ದಿನಾನೂ ನಿಲ್ದೋರು, ಅವರು ಹೋದ ಮೇಲೆ ಯಾರೂ ಇಲ್ದೇ ಇದ್ರೂ ದಿನಾ ನಿಂತ್ರಲ್ಲ, ಅದ್ಕೇ ಗೊತ್ತಾಯ್ತು. ಇಬ್ರಲ್ಲಿ ಯಾರು ಅಂತ ಮಾತ್ರ ಗೊತ್ತಿರ್ನಿಲ್ಲ. ಸಾಬ್ರು ದಿನಾ ಇಳ್ದು ಮಾತಾಡ್ಸೋರು. ನೀವು ಇಳೀತಿರ್ನಿಲ್ಲ."

ಕ್ಷಮಿಸು ಅಂದೆ. ಅವಳು ಮುಂದಿನ ಗಾಜಿನಿಂದ ರಸ್ತೆ ನೋಡುತ್ತಿದ್ದಳು. ಹಿಂದೆ ಹಬೀಬನ ಉಸಿರಾಟ ಕೇಳುತ್ತಿತ್ತು. ಅವನು ತಗಡು ತಟ್ಟುತ್ತಾನೆಂದು ಕಾದೆ. ತಟ್ಟಲಿಲ್ಲ. ಎಡಗಾಲು ಕ್ಲಚ್ ಒತ್ತಿಯೇ ಇತ್ತು. ಗೇರು ಹಾಕಿಯಾಗಿದೆ, ಕಾಲು ಬಿಡುವುದಕ್ಕೆ ಆಗುತ್ತಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ನೋಡಲಿಲ್ಲ.

ಕಾವೇರಮ್ಮ ನನ್ನ ಕಡೆ ತಿರುಗಿದಳು.

"ಯಾಕ್ ನಿಂತ್ಕಂಡ್ರಿ? ಬುಡಿ ಗಾಡಿನ. ಬಾಣಂತಿ ಊಟ ಆರೋಯ್ತದೆ."

ಕಾಲು ಬಿಟ್ಟೆ. ಗಾಡಿ ಹೊರಟಿತು.